ಸುಡುವ ಮನೆ ಯಾರದು? ದ್ಯಾಮವ್ವನ ಕಥೆಯಲ್ಲಿ ಭಯ ಮತ್ತು ಕೇರಿಯ ಕುಟುಂಬ

ಅತಿಮಾನುಷ ಭಯದ ಕಥೆಗಳನ್ನು ಜಾನಪದ ಅಧ್ಯಯನವು ಬಹುಮಟ್ಟಿಗೆ ಅವುಗಳಲ್ಲಿ ಕಾಣಿಸಿಕೊಳ್ಳುವ ಶಕ್ತಿಗಳ ಆಧಾರದ ಮೇಲೆ ವರ್ಗೀಕರಿಸುತ್ತ ಬಂದಿದೆ. ದೆವ್ವದ ಕಥೆ, ಮಾರಿಯ ಕಥೆ, ಬಲಿಯ ಕಥೆ, ಮಾಯವಾದವರ ಕಥೆ ಎಂಬ ವಿಂಗಡಣೆ ಸಂಗ್ರಹಕಾರರಿಗೆ ಅನುಕೂಲಕರವಾದುದೇ. ಆದರೆ ಈ ಕ್ರಮವು ಭಯವನ್ನು ಹುಟ್ಟಿಸುವವರು ಯಾರು ಎಂಬ ಪ್ರಶ್ನೆಯನ್ನಷ್ಟೇ ಕೇಳುತ್ತದೆ. ಭಯವು ಹೊಕ್ಕ ಮನೆ ಯಾರದು, ಆ ಮನೆ ಊರಿನ ಯಾವ ಭಾಗದಲ್ಲಿದೆ, ಕಥೆಯ ಕೊನೆಗೆ ಆ ಮನೆಯಲ್ಲಿ ಉಳಿದವರು ಯಾರು ಎಂಬ ಪ್ರಶ್ನೆಗಳು ವರ್ಗೀಕರಣದ ಹೊರಗೆ ಉಳಿಯುತ್ತವೆ. ಪ್ರಸ್ತುತ ಲೇಖನವು ಈ ಎರಡನೆಯ ಬಗೆಯ ಪ್ರಶ್ನೆಗಳನ್ನು ಬೆಳಗಾವಿ ಜಿಲ್ಲೆಯ ಗೋಕಾಕ ಸೀಮೆಗೆ ಪರಿಚಿತವಾದ ದ್ಯಾಮವ್ವನ ಕಥೆಯನ್ನು ಮುಂದಿಟ್ಟುಕೊಂಡು ಪರಿಶೀಲಿಸುತ್ತದೆ.

ಈ ಪ್ರಶ್ನೆಗಳಿಗೆ ಜಾಗತಿಕ ಸಾಹಿತ್ಯದಲ್ಲಿಯೂ ಒಂದು ಹಿನ್ನೆಲೆಯಿದೆ. ಅಮೆರಿಕದ ಕಪ್ಪು ಜನರ ಲೇಖಕರು ಹಾಗೂ ಚಲನಚಿತ್ರಕಾರರು ಭಯದ ಕಥನವನ್ನು ತಮ್ಮದೇ ರೀತಿಯಲ್ಲಿ ಬಳಸಿಕೊಂಡಿದ್ದಾರೆ. ಟೋನಿ ಮಾರಿಸನ್ ಅವರ ‘ಬಿಲವೆಡ್’ (೧೯೮೭) ಕಾದಂಬರಿಯಲ್ಲಿ ಸತ್ತ ಮಗುವಿನ ಪ್ರೇತವು ಒಂದು ಮನೆಯನ್ನು ಹಿಡಿದಿದೆ. ೨೦೨೧ರಲ್ಲಿ ಪ್ರಸಾರವಾದ ‘ದೆಮ್’ ಎಂಬ ದೂರದರ್ಶನ ಸರಣಿಯಲ್ಲಿ, ೧೯೫೩ರಲ್ಲಿ ಬಿಳಿಯರ ಬಡಾವಣೆಗೆ ವಾಸಕ್ಕೆ ಬಂದ ಕಪ್ಪು ಕುಟುಂಬವೊಂದನ್ನು ಮನೆಯೊಳಗೆ ದುಷ್ಟಶಕ್ತಿಯೂ ಮನೆಯ ಹೊರಗೆ ನೆರೆಹೊರೆಯವರೂ ಕಾಡುತ್ತಾರೆ. ಇಂತಹ ಕೃತಿಗಳಲ್ಲಿ ದೆವ್ವವು ನೆರೆಯವರ ದ್ವೇಷಕ್ಕಿಂತ ಹೆಚ್ಚು ಭೀಕರವಾಗಿ ಕಾಣುವುದಿಲ್ಲ. ಅತಿಮಾನುಷವು ಇಲ್ಲಿ ವಾಸ್ತವದಿಂದ ತಪ್ಪಿಸಿಕೊಳ್ಳುವ ದಾರಿಯಾಗಿರದೆ, ವಾಸ್ತವವನ್ನು ಹೇಳುವ ದಾರಿಯಾಗಿದೆ.

ಬಣ್ಣದ ಭೇದ ಮತ್ತು ಜಾತಿಯ ಭೇದ ಒಂದೇ ಅಲ್ಲ. ಅವುಗಳ ಇತಿಹಾಸ ಬೇರೆ, ಅವುಗಳ ಧಾರ್ಮಿಕ ಸಮರ್ಥನೆ ಬೇರೆ. ಆದರೆ ಹುಟ್ಟಿನ ಕಾರಣಕ್ಕಾಗಿ ಊರಿನ ಹೊರಗೆ ಇರಿಸಲ್ಪಟ್ಟ ಕುಟುಂಬವೊಂದರ ಮೇಲೆ ಭಯವು ಹೇಗೆ ಎರಗುತ್ತದೆ ಎಂಬುದನ್ನು ನೋಡುವಲ್ಲಿ ಎರಡನ್ನೂ ಹತ್ತಿರ ಇಟ್ಟು ಪರಿಶೀಲಿಸಲು ಅವಕಾಶವಿದೆ.

ಗೋಕಾಕ ಪರಿಸರ

ಘಟಪ್ರಭಾ ನದಿಯು ಸುಮಾರು ೫೨ ಮೀಟರ್ ಎತ್ತರದಿಂದ ಧುಮುಕುವ ಗೋಕಾಕ ಫಾಲ್ಸ್ ಎರಡು ಕಾಲಗಳನ್ನು ಒಟ್ಟಿಗೆ ಹಿಡಿದಿಟ್ಟುಕೊಂಡ ಸ್ಥಳ. ಜಲಪಾತದ ದಂಡೆಯಲ್ಲಿ ಚಾಲುಕ್ಯ ಕಾಲದ ಮಹಾಲಿಂಗೇಶ್ವರ ದೇವಾಲಯವಿದೆ. ಅದೇ ನೀರಿನ ಬಲದಿಂದ ನಡೆದ ಹತ್ತಿ ಗಿರಣಿಯು ೧೮೮೫ರಲ್ಲಿ ಸ್ಥಾಪನೆಯಾಯಿತು. ೧೮೮೭ರಲ್ಲಿ ಇಲ್ಲಿ ಜಲವಿದ್ಯುತ್ ಉತ್ಪಾದನೆ ಆರಂಭವಾಯಿತು. ನದಿಯ ಮೇಲೆ ಸುಮಾರು ೨೦೦ ಮೀಟರ್ ಉದ್ದದ ತೂಗುಸೇತುವೆಯಿದೆ. ಗಿರಣಿಯ ಸುತ್ತ ಬೆಳೆದ ವಸತಿಯು ಗಡಿಯಾರದ ಕಾಲಕ್ಕೆ ಒಗ್ಗಿದರೆ, ಸುತ್ತಲಿನ ಹಳ್ಳಿಗಳು ಸುಗ್ಗಿ, ಜಾತ್ರೆ, ವಾರದ ಕಾಲವನ್ನು ಉಳಿಸಿಕೊಂಡವು.

ಜಾನಪದ ಸಂಶೋಧಕರ ಗಮನವು ಈ ಸೀಮೆಯಲ್ಲಿ ಮುಖ್ಯವಾಗಿ ಶ್ರೀಕೃಷ್ಣ ಪಾರಿಜಾತದ ಕಡೆಗೆ ಹರಿದಿದೆ. ಕುಲಗೋಡ ತಮ್ಮಣ್ಣ ಮತ್ತು ಕೌಜಲಗಿ ನಿಂಗಮ್ಮ ಅವರ ನೆಲವಾದ್ದರಿಂದ ಇದು ಸಹಜವೇ. ಆದರೆ ಅದೇ ಹಳ್ಳಿಗಳ ಗ್ರಾಮದೇವತೆಗಳಾದ ದ್ಯಾಮವ್ವ, ದುರ್ಗವ್ವ, ಲಕ್ಕವ್ವರ ಕಥೆಗಳು ರಂಗದ ಬೆಳಕಿಗೆ ಬಂದವುಗಳಲ್ಲ. ಅವು ಜಾತ್ರೆಯ ಸಂದರ್ಭದಲ್ಲಿ, ರಾತ್ರಿಯ ಹೊತ್ತಿನಲ್ಲಿ, ಗಡಿಯ ಕಲ್ಲಿನ ಬಳಿ ನೆನಪಿಗೆ ಬರುವ ಕಥೆಗಳು. ಪಾರಿಜಾತದ ಹೂವಿಗಾಗಿ ನಡೆಯುವ ಜಗಳವು ಅರಮನೆಯದು. ದ್ಯಾಮವ್ವನ ಜಗಳವು ಅಡುಗೆಮನೆಯಿಂದ ಹುಟ್ಟಿ ಊರಿನ ಗಡಿಯವರೆಗೆ ಹರಡುತ್ತದೆ.

ಕಥೆಯ ಸ್ವರೂಪ

ದ್ಯಾಮವ್ವ ಅಥವಾ ಮಾರಿಯ ಹುಟ್ಟಿನ ಕಥೆಯು ದಕ್ಷಿಣ ಭಾರತದ ಬಹುಭಾಗದಲ್ಲಿ ಹಬ್ಬಿದೆ. ಧಾರವಾಡ ಸೀಮೆಯಲ್ಲಿ ಅಧಿಕಾರಿಯಾಗಿದ್ದ ವಾಲ್ಟರ್ ಎಲಿಯಟ್ ಹತ್ತೊಂಬತ್ತನೆಯ ಶತಮಾನದಲ್ಲಿಯೇ ಈ ದೇವತೆಯ ಜಾತ್ರೆಯನ್ನು ವಿವರವಾಗಿ ದಾಖಲಿಸಿದನು. ಹೆನ್ರಿ ವೈಟ್‌ಹೆಡ್ ದಕ್ಷಿಣ ಭಾರತದ ಗ್ರಾಮದೇವತೆಗಳನ್ನು ಕುರಿತ ತನ್ನ ೧೯೧೬ರ ಗ್ರಂಥದಲ್ಲಿ ಕಥೆಯ ಪಾಠವನ್ನು ಕೊಟ್ಟಿದ್ದಾನೆ. ಪಾಠಾಂತರಗಳಿದ್ದರೂ ಕಥೆಯ ಅಸ್ಥಿಪಂಜರ ಹೀಗಿದೆ:

ಕೇರಿಯ ಹುಡುಗನೊಬ್ಬ ತನ್ನ ಜಾತಿಯನ್ನು ಮರೆಮಾಚಿ, ಬ್ರಾಹ್ಮಣನೆಂದು ಹೇಳಿಕೊಂಡು ವಿದ್ಯೆ ಕಲಿಯುತ್ತಾನೆ. ಗುರುವಿನ ಅಥವಾ ಊರಿನ ಬ್ರಾಹ್ಮಣನ ಮಗಳನ್ನು ಮದುವೆಯಾಗುತ್ತಾನೆ. ಮಕ್ಕಳಾಗುತ್ತವೆ, ಸಂಸಾರ ಸುಖವಾಗಿ ಸಾಗುತ್ತದೆ. ಒಂದು ದಿನ ಹುಡುಗನ ತಾಯಿ ಮಗನನ್ನು ಕಾಣಲು ಬರುತ್ತಾಳೆ. ಊಟಕ್ಕೆ ಕುಳಿತಾಗ ಸೊಸೆ ಬಡಿಸಿದ ಸಿಹಿಯನ್ನು ಬಾಯಿಗಿಟ್ಟ ಮುದುಕಿ, ಇದು ಸುಟ್ಟ ಕೋಣದ ನಾಲಗೆಯ ಹಾಗೆ ರುಚಿಯಾಗಿದೆಯಲ್ಲ ಎಂದು ಮಗನಿಗೆ ಹೇಳಿಬಿಡುತ್ತಾಳೆ. ಸೊಸೆಗೆ ಸತ್ಯ ತಿಳಿಯುತ್ತದೆ. ಅವಳು ಉಗ್ರರೂಪ ತಾಳಿ ಮನೆಗೆ ಬೆಂಕಿಯಿಡುತ್ತಾಳೆ. ಉತ್ತರ ಕರ್ನಾಟಕದ ಪಾಠಗಳಲ್ಲಿ ಮಕ್ಕಳನ್ನು ಕೊಲ್ಲುತ್ತಾಳೆ. ತಪ್ಪಿಸಿಕೊಳ್ಳಲು ಕೋಣನ ರೂಪ ತಾಳಿದ ಗಂಡನನ್ನು ಬೆನ್ನಟ್ಟಿ ಕಡಿಯುತ್ತಾಳೆ. ಅವಳೇ ಊರಿನ ದೇವತೆಯಾಗಿ ನಿಲ್ಲುತ್ತಾಳೆ.

ಈ ಕಥೆಯನ್ನು ವಂಚನೆಗೊಳಗಾದ ಹೆಣ್ಣಿನ ಕೋಪದ ಕಥೆಯೆಂದು ವಿವರಿಸುವುದು ರೂಢಿ. ಆ ಓದು ತಪ್ಪೇನಲ್ಲ. ಗಂಡನ ಸುಳ್ಳಿನ ಮೇಲೆ ಕಟ್ಟಿದ ದಾಂಪತ್ಯದಲ್ಲಿ ಅವಳ ಒಪ್ಪಿಗೆಯನ್ನು ಯಾರೂ ಕೇಳಿಲ್ಲ. ಆದರೆ ಕಥೆಯನ್ನು ಮುದುಕಿಯ ಕಡೆಯಿಂದ ನೋಡಿದರೆ ಅದರ ಭಯದ ಕೇಂದ್ರವು ಬದಲಾಗುತ್ತದೆ. ಮುದುಕಿ ಆಡಿದ ಮಾತು ಶಾಪವಲ್ಲ, ಮಂತ್ರವಲ್ಲ; ಅದೊಂದು ಮೆಚ್ಚುಗೆ. ತನಗೆ ತಿಳಿದ ಅತ್ಯಂತ ರುಚಿಯಾದ ಪದಾರ್ಥಕ್ಕೆ ಅವಳು ಸೊಸೆಯ ಅಡುಗೆಯನ್ನು ಹೋಲಿಸಿದ್ದಾಳೆ. ಆ ಒಂದು ಮೆಚ್ಚುಗೆಯ ಮಾತಿನಿಂದ ಮಗ ಸಾಯುತ್ತಾನೆ, ಮೊಮ್ಮಕ್ಕಳು ಸಾಯುತ್ತಾರೆ, ಮನೆ ಉರಿಯುತ್ತದೆ. ಗುರುತು ಬಯಲಾಗುವುದೇ ಈ ಕಥೆಯ ನಿಜವಾದ ಭೀತಿ. ದೇವಿಯ ಅವತಾರವು ಆ ಭೀತಿಯ ಪರಿಣಾಮ ಮಾತ್ರ. ಒಂದು ಕುಟುಂಬವು ತನ್ನ ಊಟ, ತನ್ನ ನಾಲಗೆ, ತನ್ನ ತಾಯಿ ಇವುಗಳನ್ನು ಬಚ್ಚಿಟ್ಟುಕೊಂಡು ಬದುಕಬೇಕಾದಾಗ ಹುಟ್ಟುವ ದಿಗಿಲನ್ನು ಇಷ್ಟು ಸಂಕ್ಷಿಪ್ತವಾಗಿ ಹೇಳಿದ ಕಥೆ ಅಪರೂಪ.

ಇಲ್ಲಿ ‘ಬಿಲವೆಡ್’ ಕಾದಂಬರಿಯೊಡನೆ ಒಂದು ಹೋಲಿಕೆ ಸಾಧ್ಯ. ಆ ಕಾದಂಬರಿಯ ಸೆಥೆ ಎಂಬ ತಾಯಿ ತನ್ನ ಮಗು ಮತ್ತೆ ಗುಲಾಮಗಿರಿಗೆ ಸಿಕ್ಕಬಾರದೆಂದು ಅದನ್ನು ಕೊಲ್ಲುತ್ತಾಳೆ. ೧೮೫೬ರಲ್ಲಿ ಮಾರ್ಗರೆಟ್ ಗಾರ್ನರ್ ಎಂಬ ಮಹಿಳೆಯ ಬದುಕಿನಲ್ಲಿ ನಡೆದ ಘಟನೆ ಅದಕ್ಕೆ ಮೂಲ. ದ್ಯಾಮವ್ವನೂ ಮಕ್ಕಳನ್ನು ಕೊಂದ ತಾಯಿಯೇ. ಆದರೆ ಕಾರಣವು ತಿರುಗುಮುರುಗಾಗಿದೆ. ಸೆಥೆಯು ಮಗುವನ್ನು ಅದರ ಹುಟ್ಟು ತರಲಿರುವ ದುರ್ಗತಿಯಿಂದ ಬಿಡಿಸಲು ಕೊಲ್ಲುತ್ತಾಳೆ. ದ್ಯಾಮವ್ವ ಮಕ್ಕಳನ್ನು ಅವರ ಹುಟ್ಟಿನಿಂದ ತನ್ನನ್ನು ಬಿಡಿಸಿಕೊಳ್ಳಲು ಕೊಲ್ಲುತ್ತಾಳೆ. ಸೆಥೆಯ ಮಗು ಪ್ರೇತವಾಗಿ ಮರಳಿ ಬಂದು ಲೆಕ್ಕ ಕೇಳುತ್ತದೆ. ದ್ಯಾಮವ್ವನ ಮಕ್ಕಳು ಮರಳುವುದು ಪ್ರೇತಗಳಾಗಿ ಅಲ್ಲ, ಬಲಿಯ ಕುರಿಮರಿಗಳಾಗಿ. ಮೊದಲನೆಯ ಕಥನದಲ್ಲಿ ಸತ್ತವರಿಗೆ ಮಾತಿದೆ. ಎರಡನೆಯದರಲ್ಲಿ ಸತ್ತವರು ಪ್ರತಿ ಜಾತ್ರೆಯಲ್ಲಿಯೂ ಮತ್ತೆ ಸಾಯುತ್ತಾರೆ.

ಆಚರಣೆಯಾದ ಕಥೆ

ಭಯದ ಕಥೆಯೊಂದು ಆಚರಣೆಯಾಗಿ ಮರುಕಳಿಸಿದಾಗ ಅದರ ಪಾತ್ರಗಳನ್ನು ಯಾರಾದರೂ ಹೊರಲೇಬೇಕು. ಹಳೆಯ ವಿವರಣೆಗಳ ಪ್ರಕಾರ ದೇವಿಗೆ ಬಿಟ್ಟ ಕೋಣವನ್ನು ಕಡಿದು, ಅದರ ಮುಂಗಾಲನ್ನು ಬಾಯಲ್ಲಿಟ್ಟು, ತಲೆಯ ಮೇಲೆ ದೀಪ ಹಚ್ಚಿ ದೇವಿಯ ಮುಂದೆ ಇಡುತ್ತಿದ್ದರು. ಕೋಣನ ನಾಲಗೆಯ ಹೆಸರೆತ್ತಿದ ಮನೆಯ ಗಂಡಸು ಕೋಣನಾಗಿ, ಮಾತಿಲ್ಲದಂತೆ ಬಾಯಿ ಮುಚ್ಚಿಸಿಕೊಂಡು ನಿಲ್ಲುವ ಚಿತ್ರವಿದು. ರಕ್ತ ಬೆರೆಸಿದ ಅನ್ನವನ್ನು ಊರಿನ ಗಡಿಯ ಸುತ್ತ ಚೆಲ್ಲುವ ಕ್ರಮವಿತ್ತು. ಕುರಿಮರಿಯ ಕೊರಳನ್ನು ಹಲ್ಲಿನಿಂದ ಸೀಳುವ ಪೋತರಾಜನ ಪಾತ್ರ ದಲಿತ ಕುಟುಂಬಗಳಿಗೆ ವಂಶಪಾರಂಪರ್ಯವಾಗಿ ಬರುತ್ತಿತ್ತು. ಅಂದರೆ ಕಥೆಯಲ್ಲಿ ನಾಶವಾದ ಕುಟುಂಬದ ವಂಶದವರೆನಿಸಿಕೊಂಡವರೇ ಆ ನಾಶವನ್ನು ತಮ್ಮ ಕೈಯಿಂದ, ತಮ್ಮ ಹಲ್ಲಿನಿಂದ ಮತ್ತೆ ನಡೆಸಿಕೊಡಬೇಕಾಗಿತ್ತು.

ಇದಕ್ಕೆ ಪ್ರತಿಯಾದ ಒಂದು ಸ್ವರವೂ ಇದೇ ಆಚರಣೆಯೊಳಗೆ ಉಳಿದಿದೆ. ಮಾರಿಯ ಹಾಡುಗಾರರಾದ ಅಸಾದಿಗಳು ದೇವಿಯನ್ನು ಹೊಗಳುವಂತೆಯೇ ಬೈಯುವ ಹಕ್ಕನ್ನೂ ಪಡೆದವರು. ಜಾತ್ರೆಯ ದಿನಗಳಲ್ಲಿ ಊರ ಹಿರಿಯರನ್ನೂ ದೇವಿಯನ್ನೂ ಅಶ್ಲೀಲವೆನಿಸುವ ಪದಗಳಿಂದ ಜರೆಯಲು ಅವರಿಗೆ ಅವಕಾಶವಿತ್ತು. ಇದನ್ನು ಫಲವಂತಿಕೆಯ ಆಚರಣೆಯ ಅಂಗವೆಂದು ವಿದ್ವಾಂಸರು ವಿವರಿಸಿದ್ದಾರೆ. ಸುಟ್ಟ ಮನೆಯವರ ಬೈಗುಳವೆಂದು ನೋಡಿದರೆ ಅದು ಬೇರೆಯ ಅರ್ಥವನ್ನೂ ಕೊಡುತ್ತದೆ. ವರ್ಷವಿಡೀ ತಲೆ ತಗ್ಗಿಸಿ ನಡೆಯಬೇಕಾದ ಜನ ಕೆಲವು ದಿನಗಳ ಮಟ್ಟಿಗೆ ಕೊಂದವಳ ಮುಖ ನೋಡಿ ಮಾತನಾಡುತ್ತಾರೆ.

ಶಿರಸಿಯ ಮಾರಿಕಾಂಬಾ ಜಾತ್ರೆ ಈ ಚರ್ಚೆಗೆ ಮುಖ್ಯವಾದ ನಿದರ್ಶನ. ೧೯೩೪ರಲ್ಲಿ ಗಾಂಧೀಜಿ ಶಿರಸಿಗೆ ಭೇಟಿ ನೀಡಿದ ಕಾಲದಲ್ಲಿ ಅಲ್ಲಿನ ಕೋಣನ ಬಲಿ ನಿಂತಿತು. ಮುಂದೆ ೧೯೫೯ರ ಪ್ರಾಣಿಬಲಿ ಪ್ರತಿಬಂಧಕ ಕಾಯ್ದೆಯು ನಾಡಿನ ಉಳಿದ ಕಡೆಯ ಬಲಿಗಳಿಗೂ ಕಾನೂನಿನ ತಡೆಯೊಡ್ಡಿತು. ಆದರೆ ಎರಡು ವರ್ಷಗಳಿಗೊಮ್ಮೆ ನಡೆಯುವ ಶಿರಸಿ ಜಾತ್ರೆಯ ಕೊನೆಗೆ ಮಾತಂಗಿ ಚಪ್ಪರಕ್ಕೆ ಬೆಂಕಿ ಕೊಡುವ ಕ್ರಮ ಮುಂದುವರಿದಿದೆ. ರಕ್ತವು ಕಥೆಯಿಂದ ಹೊರಹೋಗಿದೆ. ಉರಿಯುವ ಮನೆ ಉಳಿದಿದೆ. ಸುಧಾರಣೆಯು ಪ್ರಾಣಿಯ ನೋವನ್ನು ಗುರುತಿಸಿದಷ್ಟು ಸುಲಭವಾಗಿ ಕಥೆಯೊಳಗಿನ ಮನೆಯ ನೋವನ್ನು ಗುರುತಿಸಲಿಲ್ಲವೆಂಬುದು ಇದರಿಂದ ವ್ಯಕ್ತವಾಗುತ್ತದೆ.

ಆಶ್ರಯ ಕೊಟ್ಟ ಮನೆ

ಗೋಕಾಕ ಸೀಮೆಯ ಜನ ನಡೆದುಕೊಳ್ಳುವ ಇನ್ನೊಂದು ದೇವತೆ ಸವದತ್ತಿಯ ಎಲ್ಲಮ್ಮ. ಜಮದಗ್ನಿಯ ಆಜ್ಞೆಯಂತೆ ಪರಶುರಾಮನು ತಾಯಿ ರೇಣುಕೆಯ ತಲೆ ಕಡಿದ ಕಥೆಯು ಪುರಾಣಪ್ರಸಿದ್ಧ. ದಕ್ಷಿಣದಲ್ಲಿ ಪ್ರಚಲಿತವಿರುವ ಮೌಖಿಕ ಪಾಠದಲ್ಲಿ ಒಂದು ಹೆಚ್ಚಿನ ಘಟನೆಯಿದೆ. ಜೀವ ಉಳಿಸಿಕೊಳ್ಳಲು ಓಡಿದ ರೇಣುಕೆ ಕೇರಿಯ ಹೆಣ್ಣೊಬ್ಬಳ ಆಶ್ರಯ ಪಡೆಯುತ್ತಾಳೆ. ಕೊಡಲಿ ಹಿಡಿದ ಮಗ ಇಬ್ಬರನ್ನೂ ಕಡಿಯುತ್ತಾನೆ. ಅನಂತರ ಜೀವ ಬರಿಸುವಾಗ ತಲೆಗಳು ಅದಲುಬದಲಾಗುತ್ತವೆ. ಹೀಗೆ ಎರಡು ದೇವತೆಗಳು ಹುಟ್ಟುತ್ತಾರೆ. ಸವದತ್ತಿಯ ಗುಡ್ಡದಲ್ಲಿ ಮಾತಂಗಿಗೂ ಗುಡಿಯಿದೆ.

ಈ ಕಥೆಯಲ್ಲಿ ತಪ್ಪು ಮಾಡಿದವರೆಂದು ಹೇಳಲು ಕೇರಿಯ ಮನೆಯಲ್ಲಿ ಯಾರೂ ಇಲ್ಲ. ದ್ಯಾಮವ್ವನ ಕಥೆಯಲ್ಲಿ ಕನಿಷ್ಠ ಸುಳ್ಳಾಡಿದ ಗಂಡನೊಬ್ಬನಿದ್ದಾನೆ. ಇಲ್ಲಿ ಬಾಗಿಲು ತೆರೆದದ್ದೊಂದೇ ಅಪರಾಧ. ಊರೊಳಗಿನ ದೊಡ್ಡ ಮನೆತನದ ಸಂಸಾರಕಲಹವು ಊರ ಹೊರಗಿನ ಮನೆಯ ಹೊಸ್ತಿಲಿನಲ್ಲಿ ಕೊಲೆಯಾಗಿ ಮುಗಿಯುತ್ತದೆ. ಎಲ್ಲಮ್ಮನ ಹೆಸರಿನಲ್ಲಿ ಬಡ ದಲಿತ ಕುಟುಂಬಗಳ ಹೆಣ್ಣುಮಕ್ಕಳನ್ನು ಬಿಡುವ ಪದ್ಧತಿಯನ್ನು ತಡೆಯಲು ೧೯೮೨ರಲ್ಲಿ ದೇವದಾಸಿ ಸಮರ್ಪಣೆ ನಿಷೇಧ ಕಾಯ್ದೆಯನ್ನು ರೂಪಿಸಬೇಕಾಯಿತು. ಮಗಳನ್ನು ಬಿಡದಿದ್ದರೆ ಮನೆಗೆ ಕೇಡು ತಟ್ಟುತ್ತದೆ ಎಂಬ ಅಂಜಿಕೆಯು ಆ ಪದ್ಧತಿಯ ಒಂದು ಆಧಾರಸ್ತಂಭವಾಗಿತ್ತು. ಅತಿಮಾನುಷ ಭಯವು ಕೇವಲ ಕಥನದ ವಸ್ತುವಾಗಿರದೆ, ಕುಟುಂಬವೊಂದರ ತೀರ್ಮಾನಗಳನ್ನು ನಿರ್ದೇಶಿಸುವ ಬಲವೂ ಆಗಿರುತ್ತದೆ ಎಂಬುದಕ್ಕೆ ಇದು ಸಾಕ್ಷಿ.

ಅಡಿಪಾಯದ ಕೆಳಗೆ

ಕಟ್ಟಡ ನಿಲ್ಲಲು, ಕೆರೆಗೆ ನೀರು ಬರಲು ಮನುಷ್ಯನ ಬಲಿ ಬೇಕೆಂಬ ಆಶಯವು ಕನ್ನಡಿಗರಿಗೆ ‘ಕೆರೆಗೆ ಹಾರ’ ಕಥನಗೀತೆಯಿಂದ ಚಿರಪರಿಚಿತ. ಅಲ್ಲಿ ಬಲಿಯಾಗುವವಳು ಗೌಡನ ಮನೆಯ ಕಿರಿಸೊಸೆ ಭಾಗೀರಥಿ. ಅವಳ ಸಾವಿಗೆ ಹಾಡಿದೆ, ಹೆಸರಿದೆ, ಅವಳಿಗಾಗಿ ಪ್ರಾಣ ಬಿಟ್ಟ ಗಂಡನಿದ್ದಾನೆ. ಇದೇ ಆಶಯದ ಇನ್ನೊಂದು ಮುಖವನ್ನು ಪುಣೆಯ ಫುಲೆ ದಂಪತಿಗಳ ಶಾಲೆಯಲ್ಲಿ ಓದುತ್ತಿದ್ದ, ಮಾಂಗ ಸಮುದಾಯದ ಬಾಲಕಿ ಮುಕ್ತಾ ಸಾಳ್ವೆ ೧೮೫೫ರಲ್ಲಿ ಬರೆದು ಪ್ರಕಟಿಸಿದಳು. ಮಾಂಗ ಮಹಾರರಿಗೆ ಸಿಂಧೂರ ಬೆರೆಸಿದ ಎಣ್ಣೆಯನ್ನು ಕುಡಿಸಿ ಕಟ್ಟಡಗಳ ಅಡಿಪಾಯದಲ್ಲಿ ಹೂಳುತ್ತಿದ್ದರೆಂದು ಅವಳು ಆ ಪ್ರಬಂಧದಲ್ಲಿ ಆರೋಪಿಸಿದ್ದಾಳೆ. ಬೆಳಗಾವಿ ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದಿತು. ಮಾಂಗ ಮತ್ತು ಮಾದಿಗ ಸಮುದಾಯಗಳ ಬದುಕು ಈ ಗಡಿಭಾಗದಲ್ಲಿ ಒಂದಕ್ಕೊಂದು ಹೊಂದಿಕೊಂಡದ್ದು.

ಎರಡು ಬಲಿಗಳನ್ನು ಒಟ್ಟಿಗೆ ನೋಡಿದಾಗ ಜಾನಪದ ಸಂಗ್ರಹದ ಮಿತಿಯೊಂದು ಗೋಚರಿಸುತ್ತದೆ. ಭಾಗೀರಥಿಯನ್ನು ಊರು ಹಾಡಿಕೊಂಡಿತು. ಅಡಿಪಾಯದಲ್ಲಿ ಹೂತವರನ್ನು ಅವರ ಮಗಳೊಬ್ಬಳು ಅಕ್ಷರ ಕಲಿತ ಮೇಲೆ ನೆನಪಿಸಬೇಕಾಯಿತು. ಊರು ಹೆಮ್ಮೆಯಿಂದ ಹೇಳಿಕೊಳ್ಳುವ ತ್ಯಾಗವು ಗೀತೆಯಾಗುತ್ತದೆ. ಊರು ಹೇಳಿಕೊಳ್ಳಲಾಗದ ಕೊಲೆಯು ಕೇರಿಯಲ್ಲಿ ಪಿಸುಮಾತಾಗಿ ಉಳಿಯುತ್ತದೆ.

ಕರಾವಳಿ ಮತ್ತು ಕಾಡಿನ ನಿದರ್ಶನಗಳು

ತುಳುನಾಡಿನ ಕೊರಗ ತನಿಯನ ಕಥೆ ಈ ಚಿತ್ರವನ್ನು ಪೂರ್ಣಗೊಳಿಸುತ್ತದೆ. ತಬ್ಬಲಿಯಾದ ಕೊರಗ ಹುಡುಗನನ್ನು ಮೈರಕ್ಕೆ ಬೈದೆದಿ ಸಾಕುತ್ತಾಳೆ. ಹಲವು ಆಳುಗಳು ಹೊರಬೇಕಾದ ಹೊರೆಯನ್ನು ಅವನೊಬ್ಬನೇ ದೇವಸ್ಥಾನಕ್ಕೆ ಹೊತ್ತು ತರುತ್ತಾನೆ. ಹೊರೆ ಒಳಗೆ ಹೋಗಬಹುದು, ಅವನು ಹೋಗುವಂತಿಲ್ಲ. ಹೊರಗೆ ನಿಂತವನು ಮಾದಲದ ಹಣ್ಣಿಗೆ ಕೈಚಾಚಿದಾಗ ಮಾಯವಾಗುತ್ತಾನೆ, ಮುಂದೆ ದೈವವಾಗುತ್ತಾನೆ. ‘ಮಾಯ’ ಎಂಬ ಪದವು ಪಾಡ್ದನಗಳ ಪರಿಭಾಷೆಯಲ್ಲಿ ದೈವತ್ವಕ್ಕೆ ಏರುವ ಬಾಗಿಲು. ಆದರೆ ಒಬ್ಬ ತರುಣ ದೇವಾಲಯದ ಗೋಡೆಯ ಬಳಿ ಇದ್ದಕ್ಕಿದ್ದಂತೆ ಇಲ್ಲವಾದನೆಂಬ ಸಂಗತಿಯನ್ನು ಮರೆಮಾಡುವ ಪರದೆಯಾಗಿಯೂ ಅದನ್ನು ಓದಲು ಸಾಧ್ಯ.

ಅದೇ ಕೊರಗರ ಮೇಲೆ ಹೇರಲಾಗಿದ್ದ ಅಜಲು ಪದ್ಧತಿಯಲ್ಲಿ, ಇತರರ ಮನೆಯ ಕೇಡನ್ನು ತಾವು ಹೊತ್ತೊಯ್ಯಬೇಕೆಂದು, ಕೂದಲು ಉಗುರು ಬೆರೆಸಿದ ಅನ್ನವನ್ನು ಅವರಿಗೆ ಉಣ್ಣಿಸಲಾಗುತ್ತಿತ್ತು. ಕರ್ನಾಟಕ ಸರ್ಕಾರವು ೨೦೦೦ದ ಕಾಯ್ದೆಯ ಮೂಲಕ ಇದನ್ನು ನಿಷೇಧಿಸಿತು. ತನಿಯನಿಗೆ ಕೈಮುಗಿಯುವ ಸಮಾಜವೇ ತನಿಯನ ಬಂಧುಗಳಿಗೆ ಈ ಅನ್ನವನ್ನು ಬಡಿಸಿತೆಂಬುದು ಮರೆಯಬಾರದ ವೈರುಧ್ಯ.

ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ ಪರಿಸರದ ಸಿದ್ದಿಯರು ಆಫ್ರಿಕಾ ಮೂಲದ ಕನ್ನಡ ನಾಡಿನ ಜನ. ಪೋರ್ಚುಗೀಸರ ಗೋವೆಯಿಂದ ಗುಲಾಮಗಿರಿಯನ್ನು ತಪ್ಪಿಸಿಕೊಂಡು ಬಂದವರ ಸಂತತಿಯೂ ಇವರಲ್ಲಿ ಸೇರಿದೆ. ೨೦೦೩ರಲ್ಲಿ ಇವರಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ದೊರೆಯಿತು. ಹಿಂದೂ, ಮುಸ್ಲಿಂ, ಕ್ರೈಸ್ತ ಎಂಬ ಭೇದವಿದ್ದರೂ ಹಿರಿಯರ ಪೂಜೆ ಇವರನ್ನು ಒಂದುಗೂಡಿಸಿದೆ. ಇಲ್ಲಿ ಸತ್ತವರು ಮನೆಯನ್ನು ಕಾಡುವ ಪ್ರೇತಗಳಲ್ಲ, ಕಾಯುವ ಹಿರಿಯರು; ಮರೆತರೆ ಮಾತ್ರ ಮುನಿಯುವವರು. ಬೆನ್ನಟ್ಟಿಸಿಕೊಂಡ ಜನಾಂಗವೊಂದಕ್ಕೆ ಭಯವು ಕಾಡಿನಾಚೆಯ ಮನುಷ್ಯರಲ್ಲಿದ್ದಾಗ, ಮನೆಯೊಳಗಿನ ಸತ್ತವರು ಆಸರೆಯಾಗುವುದು ಅರ್ಥವಾಗುವಂಥದು.

ಬರಹದಲ್ಲಿ ತಿರುಗಿದ ದೃಷ್ಟಿ

ದೇವನೂರ ಮಹಾದೇವ ಅವರ ‘ಕುಸುಮಬಾಲೆ’ ಈ ಪರಂಪರೆಗೆ ಕನ್ನಡ ಬರಹವು ಕೊಟ್ಟ ಮಹತ್ತ್ವದ ಉತ್ತರ. ದಲಿತ ತರುಣ ಚನ್ನ ಮತ್ತು ಮೇಲುಜಾತಿಯ ಕುಸುಮಳ ಪ್ರೀತಿ, ಚನ್ನನ ಕೊಲೆ ಇವು ದ್ಯಾಮವ್ವನ ಕಥೆಯ ಅಸ್ಥಿಪಂಜರವನ್ನೇ ನೆನಪಿಸುತ್ತವೆ. ಇಲ್ಲಿಯೂ ಅತಿಮಾನುಷವಿದೆ. ಮನೆಮನೆಯ ದೀಪದ ಜೋತಮ್ಮಗಳು ಜನ ಮಲಗಿದ ಮೇಲೆ ಒಂದೆಡೆ ಸೇರಿ ಮಾತನಾಡಿಕೊಳ್ಳುತ್ತವೆ. ಆದರೆ ಈ ಕೃತಿಯಲ್ಲಿ ಕೊಲ್ಲುವವರು ಮನುಷ್ಯರು. ಅತಿಮಾನುಷಕ್ಕೆ ಉಳಿದದ್ದು ಸಾಕ್ಷಿಯ ಕೆಲಸ. ದ್ಯಾಮವ್ವನ ಕಥೆಯಲ್ಲಿ ಮನೆಯನ್ನು ಸುಟ್ಟ ಬೆಂಕಿಯು ಇಲ್ಲಿ ಮನೆಯ ಸುದ್ದಿ ಹೇಳುವ ದೀಪವಾಗಿದೆ. ೧೯೯೦ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಈ ಕೃತಿಯನ್ನು ಭಾಷೆಯ ಪ್ರಯೋಗವೆಂದು ಓದಿದಷ್ಟೇ ಗಂಭೀರವಾಗಿ ಜನಪದ ಭಯಕಥನದ ಮರುಸೃಷ್ಟಿಯೆಂದು ಓದುವ ಅಗತ್ಯವಿದೆ.

ಉಪಸಂಹಾರ

ಕಥೆಯು ಹಿಂಸೆಗೆ ಕಾರಣವೆಂದು ಹೇಳುವುದು ಅವಸರದ ಮಾತಾದೀತು. ಆದರೆ ಕಥೆಯಲ್ಲಿ ಉರಿಯುವ ಮನೆಯನ್ನು ಕೇವಲ ಆಶಯವೆಂದು ದಾಖಲಿಸಿ ಮುಂದೆ ಸಾಗುವುದೂ ಕಷ್ಟ. ೨೦೦೦ದ ಮಾರ್ಚ್ ೧೧ರಂದು ಅಂದಿನ ಕೋಲಾರ ಜಿಲ್ಲೆಯ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರು ಸಜೀವ ದಹನಗೊಂಡರು. ೨೦೧೪ರಲ್ಲಿ ಕೊಪ್ಪಳ ಜಿಲ್ಲೆಯ ಮರಕುಂಬಿಯಲ್ಲಿ ದಲಿತರ ಗುಡಿಸಲುಗಳಿಗೆ ಬೆಂಕಿ ಬಿತ್ತು. ಹತ್ತು ವರ್ಷಗಳ ಬಳಿಕ, ೨೦೨೪ರ ಅಕ್ಟೋಬರಿನಲ್ಲಿ, ಕೊಪ್ಪಳದ ನ್ಯಾಯಾಲಯವು ೯೮ ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಇಲ್ಲಿ ಯಾವ ದೇವಿಯೂ ಅವತರಿಸಿರಲಿಲ್ಲ.

ಆದ್ದರಿಂದ ಭಯದ ಕಥೆಗಳ ಸಂಗ್ರಹದಲ್ಲಿ ಕೆಲವು ವಿವರಗಳು ಅಗತ್ಯವಾಗಿ ಸೇರಬೇಕು. ನಿರೂಪಕರು ಯಾರು ಎಂಬುದರ ಜೊತೆಗೆ ಕಥೆಯನ್ನು ಊರೊಳಗೆ ಕೇಳಿದ್ದೋ ಕೇರಿಯಲ್ಲಿ ಕೇಳಿದ್ದೋ ಎಂಬುದು ದಾಖಲಾಗಬೇಕು. ಒಂದೇ ಕಥೆಯ ಎರಡೂ ಪಾಠಗಳನ್ನು ಒಟ್ಟಿಗೆ ಮುದ್ರಿಸಬೇಕು. ಮುದುಕಿಯ ಮಾತಿಗೆ ಕೇಳುಗರು ಎಲ್ಲಿ ನಗುತ್ತಾರೆ, ಎಲ್ಲಿ ಸುಮ್ಮನಾಗುತ್ತಾರೆ ಎಂಬುದನ್ನು ಗುರುತಿಸಬೇಕು. ಏಕೆಂದರೆ ಒಂದೇ ವಾಕ್ಯವು ಊರಿನಲ್ಲಿ ಹಾಸ್ಯವಾಗಿಯೂ ಕೇರಿಯಲ್ಲಿ ಆಘಾತವಾಗಿಯೂ ಕೇಳಿಸಲು ಸಾಧ್ಯ. ಅಸಾದಿಗಳ ಬೈಗುಳದ ಹಾಡುಗಳನ್ನು ಅಶ್ಲೀಲವೆಂದು ಕೈಬಿಡದೆ ಪೂರ್ಣವಾಗಿ ಉಳಿಸಿಕೊಳ್ಳಬೇಕು. ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ಗ್ರಾಮದೇವತಾ ಜಾತ್ರೆಗಳಲ್ಲಿ ಬಲಿ ನಿಂತ ಮೇಲೆ ಕಥೆಯ ಯಾವ ಭಾಗ ಉಳಿಯಿತು, ಯಾವ ಭಾಗ ಬಿದ್ದುಹೋಯಿತು ಎಂಬ ಅಧ್ಯಯನ ನಡೆಯಬೇಕು. ಮಗನ ಮನೆಗೆ ಊಟಕ್ಕೆ ಬಂದ ಆ ಮುದುಕಿಗೆ ಬಹುಪಾಲು ಪಾಠಗಳಲ್ಲಿ ಹೆಸರಿಲ್ಲ. ಬೆಂಕಿ ಆರಿದ ಮೇಲೆ ಅವಳೇನಾದಳೆಂಬುದನ್ನು ಹೇಳುವ ಪಾಠವೊಂದು ಯಾವುದಾದರೂ ಕೇರಿಯಲ್ಲಿ ಉಳಿದಿದ್ದರೆ, ಅದನ್ನು ಬರೆದುಕೊಳ್ಳುವುದು ಈ ಕ್ಷೇತ್ರದ ತುರ್ತಿನ ಕೆಲಸವಾಗಿದೆ.